ನಾಲ್ಕು ಬೆರಳು ಕಮ್ಮಿ

ನಮ್ಮವರ ಹೆಸರು ಅಬ್ದುಲ್ ರಶೀದ್. ಲಾಳ ಕಟ್ಟುವವರು. ತೀರಿಕೊಂಡು ಏಳು ತಿಂಗಳಾಯಿತು. ಜೀವಮಾನದಲ್ಲಿ ಸಾವಿರಾರು ಲಾಳ ಹೊಡೆದರು, ನೂರಾರು ಗಾಡಿ ಚಕ್ರಗಳಿಗೆ ಕಬ್ಬಿಣದ ಪಟ್ಟಾ ಏರಿಸಿದರು. ಅದರ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಕೊನೆಗಾಲದಲ್ಲಿ ಮೊಮ್ಮಗಳಿಗೆ ಅಂತ ಚೆಂಡು ಹಾಕುವ ಒಂದು ರಿಂಗು ಮಾಡಿ ಗೋಡೆಗೆ ಹೊಡೆದರು. ಅದರ ಬಗ್ಗೆ ಎಲ್ಲರೂ ಮಾತಾಡಿದರು. ಅದಕ್ಕೇ ನಾನೂ ಮಾತಾಡುತ್ತೇನೆ.

ಮನೆಯೊಳಗೆ ನಾವು ಆಡುವುದು ಉರ್ದು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತೇನೆ. ಅಜ್ಜನಿಗೆ ದಾದಾ, ಅಜ್ಜಿಗೆ ದಾದಿ, ಅಪ್ಪನಿಗೆ ಅಬ್ಬಾ, ಅಮ್ಮನಿಗೆ ಅಮ್ಮೀ ಅನ್ನುವುದನ್ನು ಮಾತ್ರ ಹಾಗೇ ಬಿಡುತ್ತೇನೆ. ಗುಬ್ಬಿಯಲ್ಲಿ ನಾನು ಓದಿದ್ದು ನಾಲ್ಕೇ ಕ್ಲಾಸು. ಆ ನಾಲ್ಕೂ ಕನ್ನಡವೇ.

ನಮ್ಮವರು ಕುಣಿಗಲ್ಲಿನವರು. ಮಾವನವರಿಗೆ ಒಂದು ಜಟಕಾ ಇತ್ತು. ಬೆಳಿಗ್ಗೆ ಜಟಕಾ ಹೊಡೆಯುವುದು, ಮಧ್ಯಾಹ್ನ ಕುದುರೆಗೆ, ಎತ್ತಿಗೆ ಲಾಳ ಕಟ್ಟುವುದು. ನಾನು ಮದುವೆಯಾಗಿ ಬಂದ ದಿನ ಬಸ್ ಸ್ಟ್ಯಾಂಡಿನಿಂದ ಕೆರೆ ಏರಿ ಪಕ್ಕದ ಮನೆಯವರೆಗೆ ಆ ಜಟಕಾದಲ್ಲೇ ಹೋದೆ. ಮುಸುಕಿನೊಳಗೆ ಏನೂ ಕಾಣಲಿಲ್ಲ. ಚಕ್ರ ಕಲ್ಲಿನ ಮೇಲೆ ಗಡಗಡ ಅನ್ನುತ್ತಿದ್ದದ್ದು ಮಾತ್ರ ಈಗಲೂ ಕಿವಿಯಲ್ಲಿದೆ.

ಚಕ್ರಕ್ಕೆ ಪಟ್ಟಾ ಏರಿಸುವುದನ್ನು ಈಗಿನವರು ನೋಡಿರುವುದಿಲ್ಲ. ಮರದ ಚಕ್ರದ ಸುತ್ತ ಹುರಿ ಹಿಡಿದು ಅಳತೆ ತೆಗೆಯುತ್ತಾರೆ. ಆ ಅಳತೆಗೇ ಕಬ್ಬಿಣ ಕತ್ತರಿಸಿದರೆ ಕೆಲಸ ಕೆಟ್ಟಿತು. ಹುರಿಯಲ್ಲಿ ನಾಲ್ಕು ಬೆರಳು ಕಮ್ಮಿ ಮಾಡಿ ಕತ್ತರಿಸಬೇಕು. ಆಗ ಪಟ್ಟಾ ಚಕ್ರಕ್ಕಿಂತ ಚಿಕ್ಕದಾಗುತ್ತದೆ. ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ. ಬಿಸಿಯಲ್ಲೇ ಚಕ್ರಕ್ಕೆ ಏರಿಸಿ ನೀರು ಹುಯ್ದರೆ ಕುಗ್ಗಿ ಮರವನ್ನು ಕಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ವರ್ಷ ಓಡಿದರೂ ಕಳಚುವುದಿಲ್ಲ. ನಮ್ಮವರು ಹತ್ತು ವರ್ಷದ ಹುಡುಗನಿದ್ದಾಗಿನಿಂದ ಹುರಿ ಹಿಡಿದವರು. ನಾಲ್ಕು ಬೆರಳು ಕಮ್ಮಿ ಮಾಡುವುದು ಅವರ ಕೈಗೆ ಊಟ ಮಾಡಿದಷ್ಟು ರೂಢಿ.

ಜಟಕಾಗಳು ನಿಂತ ಮೇಲೆ ನಾವು ತುಮಕೂರಿಗೆ ಬಂದೆವು. ಆಗ ಸದಾಶಿವನಗರದ ಆ ಕೊನೆ ಬರೀ ಪಾಳು. ಎರಡು ಕೋಣೆ ಕಟ್ಟಿಕೊಂಡು, ಮುಂದೆ ಅಂಗಳ ಬಿಟ್ಟು, ಅಂಗಳದ ಆಚೆ ಕುಲುಮೆ ಕೊಟ್ಟಿಗೆ ಹಾಕಿದೆವು. ಮಾವನವರ ಜಟಕಾ ಮುರಿದು ಸೌದೆಯಾಯಿತು. ಒಂದು ಚಕ್ರದ ಪಟ್ಟಾ ಮಾತ್ರ ನಮ್ಮವರು ತಂದು ಕೊಟ್ಟಿಗೆಯಲ್ಲಿ ಮೊಳೆಗೆ ನೇತುಹಾಕಿದರು. ಗುಜರಿಯವನು ಎಷ್ಟು ಸಲ ಕೇಳಿದರೂ ಕೊಡಲಿಲ್ಲ. ಗಾಡಿಗಳು ರಬ್ಬರ್ ಟೈರಿಗೆ ಹೋದವು. ಇವರು ಕಿಟಕಿ ಗ್ರಿಲ್ಲು, ಗೇಟು ಅಂತ ಮಾಡಿದರು. ಆದರೂ ಪ್ರತಿ ವಾರ ಲಾಳದ ಚೀಲ ಹೊತ್ತು ಬಸ್ಸಿನಲ್ಲಿ ಗುಬ್ಬಿ ಸಂತೆಗೆ ಹೋಗುವುದು ಬಿಡಲಿಲ್ಲ. ಅಲ್ಲಿ ಇನ್ನೂ ನಾಲ್ಕಾರು ಜೊತೆ ಎತ್ತು ಬರುತ್ತಿದ್ದವು.

ನಮಗೆ ಒಬ್ಬನೇ ಮಗ, ಸಯೀದ್. ಬೈಕ್ ಸ್ಪೇರ್ ಪಾರ್ಟಿನ ಅಂಗಡಿ ಇಟ್ಟಿದ್ದಾನೆ. ಅವನ ಹೆಂಡತಿ ಸೈಮಾ. ಯಾವ ಕಡೆಯೂ ಮಾತಾಡುವವಳಲ್ಲ. ಅವರ ಮಗಳು ಸಿದ್ರಾ, ಹದಿನಾರು ವರ್ಷ. ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ.

ಸಿದ್ರಾ ಎಂಟನೇ ಕ್ಲಾಸಿನವರೆಗೆ ನಮ್ಮ ಹುಡುಗಿಯಾಗಿದ್ದಳು. ಆಮೇಲೆ ಬಾಸ್ಕೆಟ್‌ಬಾಲ್ ಬಂತು, ಅದರ ಹಿಂದೆ ಅಮೆರಿಕಾ ಬಂತು. ಫೋನಿನಲ್ಲಿ ಅಲ್ಲಿನ ಉದ್ದುದ್ದ ಆಳುಗಳು ಹಾರಿ ಹಾರಿ ಚೆಂಡು ಹಾಕುವುದನ್ನು ನೋಡುತ್ತಾ ಊಟ ಮರೆಯುತ್ತಿದ್ದಳು. ಎಂ.ಜಿ. ರೋಡಿನಲ್ಲಿ ಅಮೆರಿಕಾದ ಯಾವುದೋ ಊರಿನ ಹೆಸರು ಬರೆದ ದೊಗಳೆ ಬನಿಯನ್ನು ತಂದಳು. ಒಳಗೆ ತುಂಬು ತೋಳಿನದು, ಮೇಲೆ ಅದು. ತಲೆಗೆ ಸ್ಕಾರ್ಫ್ ಬಿಗಿದು ಕಟ್ಟಿ, ಬಾಯಲ್ಲಿ ಚೂಯಿಂಗ್ ಗಮ್ ಹಾಕಿ, ಭುಜ ಆಡಿಸಿಕೊಂಡು ನಡೆಯುವಳು. ನೋಟ್‌ಬುಕ್ಕಿನ ಮೇಲೆ ಸಿದ್ರಾ ಹೋಗಿ ಸಿಡ್ ಆಯಿತು. ಒಂದು ದಿನ ನಾನು ಪಾತ್ರೆ ತೊಳಿ ಅಂತ ಎರಡು ಸಲ ಕೂಗಿದ್ದಕ್ಕೆ,

“ಚಿಲ್ ಬ್ರೋ,” ಅಂದಳು.

“ಯಾರೇ ಬ್ರೋ? ನಿಮ್ಮಪ್ಪನ್ನ ಹೆತ್ತೋಳು ಕಣೇ ನಾನು.”

“ಸಾರಿ ದಾದಿ. ಬಾಯಿಗೆ ಬಂದ್ಬಿಡ್ತು.”

“ಬಾಯಿಗೆ ಬರೋಕೆ ಅದು ಎಲ್ಲಿಂದ ಬಂತು?”

ನಮ್ಮವರು ಬಾಗಿಲಲ್ಲಿ ಕೂತು ನಗುತ್ತಿದ್ದರು.

ನಮ್ಮ ಪಕ್ಕದ ಮನೆ ಮಹಾಲಿಂಗಯ್ಯನವರದು. ರಿಟೈರ್ಡ್ ಪಿ.ಟಿ. ಮೇಷ್ಟ್ರು. ಬೆಳಿಗ್ಗೆ ಗ್ರೌಂಡಿನಲ್ಲಿ ಹೆಣ್ಣುಮಕ್ಕಳಿಗೆ ಈ ಆಟ ಹೇಳಿಕೊಡುತ್ತಾರೆ. ಒಂದು ದಿನ ಕಾಂಪೌಂಡಿನ ಮೇಲಿಂದ ನಮ್ಮವರಿಗೆ ಹೇಳಿದರು.

“ಸಾಬ್ರೇ, ನಿಮ್ ಮೊಮ್ಮಗಳ ಕೈ ಚೆನ್ನಾಗದೆ. ಆದ್ರೆ ಗ್ರೌಂಡಲ್ಲಿ ಮೂವತ್ತು ಜನಕ್ಕೆ ಎರಡು ರಿಂಗು. ಮನೆ ಹತ್ರ ಒಂದಿದ್ರೆ ಹುಡುಗಿ ಎಲ್ಲಿಗೋ ಹೋಗ್ತಾಳೆ.”

“ಎಷ್ಟಗಲ ಅದು?”

“ಹದಿನೆಂಟಿಂಚು. ಹತ್ತಡಿ ಎತ್ತರಕ್ಕೆ ಹೊಡೀಬೇಕು.”

“ಅಷ್ಟೇನಾ?” ಅಂದರು ಇವರು.

ನಾನು ಜಗಳ ತೆಗೆದೆ. ಸುಳ್ಳು ಹೇಳುವುದಿಲ್ಲ, ಮೂರು ದಿನ ಮಾತು ಬಿಟ್ಟೆ. ಹುಡುಗಿಯ ನಡಿಗೆ ಹೋಯಿತು, ಹೆಸರು ಹೋಯಿತು, ಇನ್ನು ಅಂಗಳವನ್ನೂ ಅಮೆರಿಕಾ ಮಾಡುತ್ತೀರಾ ಅಂದೆ. ಅವರು ಹೇಳಿದ್ದು ಒಂದೇ ಮಾತು.

“ಸಯೀದ ತಲೆ ಮೇಲೆ ತಿರುಗಿದ್ದು ಮರೆತ್ಯಾ?”

ಮರೆತಿರಲಿಲ್ಲ. ಸಯೀದನಿಗೆ ಹದಿನಾಲ್ಕು ವರ್ಷ ಇದ್ದಾಗ ಊರಿಗೆಲ್ಲ ಬ್ರೇಕ್ ಡ್ಯಾನ್ಸ್ ಹುಚ್ಚು. ಅದೂ ಅಲ್ಲಿಂದಲೇ ಬಂದದ್ದು. ಇವನು ಒಂದು ಕೈಗೆ ಗ್ಲೌಸ್ ಹಾಕಿಕೊಂಡು, ಗುಬ್ಬಿ ಸಂತೆಯಲ್ಲಿ ಅಪ್ಪ ಲಾಳ ಕಟ್ಟುತ್ತಿದ್ದ ಜಾಗದ ಪಕ್ಕ ಗೋಣಿಚೀಲ ಹಾಸಿ, ತಲೆ ಕೆಳಗೆ ಮಾಡಿ ಬುಗುರಿ ತಿರುಗಿದ ಹಾಗೆ ತಿರುಗಿದ. ಜನ ಸೇರಿದರು. ಎತ್ತು ಬೆದರಿತು. ಇವನು ಕೈ ಮುರಿದುಕೊಂಡ. ಕರಿಬಸವಯ್ಯ ಅನ್ನುವ ರೈತ, ಅವರದೇ ಎತ್ತು, ನಮ್ಮವರನ್ನು ಕೇಳಿದರಂತೆ: “ಏನ್ ಸಾಬ್ರೇ, ನಿಮ್ ಮಗಂಗೆ ದೆವ್ವ ಗಿವ್ವ ಮೆಟ್ಟಿದ್ಯಾ?” ಇವರು, “ದೆವ್ವ ಅಲ್ಲ, ವಯಸ್ಸು,” ಅಂದು ಮಗನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಬೈಯಲಿಲ್ಲ. ಹೊಡೆಯಲಿಲ್ಲ. ಆ ಗ್ಲೌಸನ್ನು ಒಗೆದು ಒಣಗಿಸಿ ಅವನ ದಿಂಬಿನ ಪಕ್ಕ ಇಟ್ಟರು.

ನಾಲ್ಕನೇ ದಿನ ಮೊಳೆಯಲ್ಲಿದ್ದ ಮಾವನವರ ಪಟ್ಟಾ ಇಳಿಸಿದರು. ನಲವತ್ತು ವರ್ಷ ಯಾರಿಗೂ ಕೊಡದ ಕಬ್ಬಿಣ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹದಿನೆಂಟಿಂಚಿನ ಸುತ್ತು ಎಳೆದರು. ಅದರ ಮೇಲೆ ಹುರಿ ಇಟ್ಟರು. ಬೆರಳು ಮಡಚಿದರು, ಹುರಿ ಕತ್ತರಿಸಿದರು. ಪಟ್ಟಾ ತುಂಡು ಮಾಡಿ ಕಾಯಿಸಿ, ಬಡಿದು ಗುಂಡು ಸರಳು ಮಾಡಿ, ಬಗ್ಗಿಸಿ, ತುದಿ ಕೂಡಿಸಿದರು. ನಾನು ಟೀ ತಂದು ಕೊಟ್ಟು ಅಲ್ಲೇ ನಿಂತು ಎಲ್ಲ ನೋಡಿದೆ. ನೋಡಿದರೂ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿಯಲಿಲ್ಲ. ಕುಣಿಗಲ್ ಕೆರೆಯಲ್ಲಿ ಮೀನು ಹಿಡಿಯುವವರ ಹಳೇ ಬಲೆಯ ತುಂಡು ತರಿಸಿ ಕೆಳಗೆ ಕಟ್ಟಿದರು. ಕೊಟ್ಟಿಗೆ ಗೋಡೆಗೆ, ನನ್ನ ಅಡುಗೆಮನೆ ಕಿಟಕಿಗೆ ಎದುರಾಗಿ, ಹತ್ತಡಿ ಅಳೆದು ಹೊಡೆದರು.

ಮೊದಲ ವಾರ ಸಿದ್ರಾ ಎಸೆದದ್ದು ಒಂದೂ ಒಳಗೆ ಹೋಗಲಿಲ್ಲ. ಚೆಂಡು ಕಬ್ಬಿಣಕ್ಕೆ ಬಡಿದು ಹೊರಗೆ ಹಾರುತ್ತಿತ್ತು. ಅತ್ತಳು.

“ರಿಂಗ್ ಸರಿ ಇಲ್ಲ ದಾದಾ.”

“ಐವತ್ತೈದು ವರ್ಷ ಕಬ್ಬಿಣ ಹೊಡ್ದಿದೀನಿ. ರಿಂಗ್ ಸರಿ ಇದೆ. ನೀನು ಕೈ ಸರಿ ಮಾಡ್ಕೊ.”

ಅವಳು ಕೈ ಸರಿ ಮಾಡಿಕೊಂಡಳು. ಬೆಳಿಗ್ಗೆ ಗ್ರೌಂಡು, ಸಂಜೆ ಅಂಗಳ. ಒಂದೂವರೆ ವರ್ಷ. ಚೆಂಡು ಒಳಗೆ ಬಿದ್ದರೆ ಎದೆ ಬಡಿದುಕೊಂಡು “ಲೆಟ್ಸ್ ಗೋ!” ಅಂತ ಕಿರುಚುತ್ತಿದ್ದಳು. ನಮ್ಮವರಿಗೂ ಅದು ಅಂಟಿಕೊಂಡಿತು. ಗುಬ್ಬಿ ಸಂತೆಯಲ್ಲಿ ಎತ್ತಿನ ಗೊರಸಿಗೆ ಕೊನೇ ಮೊಳೆ ಹೊಡೆದು, ಎತ್ತಿನ ಬೆನ್ನು ತಟ್ಟಿ, “ಲೆಟ್ಸ್ ಗೋ,” ಅನ್ನುವರು. ಕರಿಬಸವಯ್ಯನವರು, “ಸಾಬ್ರೇ, ನನ್ ಎತ್ತಿಗೆ ಇಂಗ್ಲಿಷ್ ಕಲಿಸ್ಬ್ಯಾಡಿ, ಆಮೇಲೆ ನನ್ ಮಾತು ಕೇಳಕ್ಕಿಲ್ಲ,” ಅನ್ನುವರಂತೆ. ಮನೆಗೆ ಬಂದು ಹೇಳಿ ತಾವೇ ನಗುವರು.

ಬೀದಿಯವರು ಸಿದ್ರಾಳಿಗೆ ಅಮೆರಿಕಾ ಹುಡುಗಿ ಅಂತ ಹೆಸರಿಟ್ಟರು. ನಮ್ಮವರ ಮುಂದೆ ಹಾಗೆ ಅಂದರೆ, “ವೀಸಾ ನಾನೇ ಕೊಟ್ಟಿದೀನಿ,” ಅನ್ನುತ್ತಿದ್ದರು.

ಹೋದ ಆಗಸ್ಟ್‌ನಲ್ಲಿ ಗುಬ್ಬಿ ಸಂತೆಯಿಂದ ಬಂದು, ಚೀಲ ಇಳಿಸಿ, ಮುಖ ತೊಳೆದು, ಬಾಗಿಲಲ್ಲಿ ಕೂತರು. ನೀರು ಕೇಳಿದರು. ನಾನು ನೀರು ತರುವಷ್ಟರಲ್ಲಿ ಮುಗಿದಿತ್ತು. ಇದರ ಬಗ್ಗೆ ಇನ್ನು ಹೇಳುವುದಿಲ್ಲ.

ಗಂಡ ಹೋದರೆ ನಮ್ಮಲ್ಲಿ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು. ಇದ್ದತ್ ಅನ್ನುತ್ತೇವೆ. ಹೊಸಿಲು ದಾಟುವಂತಿಲ್ಲ, ಹೊರಗಿನ ಗಂಡಸರ ಮುಂದೆ ಬರುವಂತಿಲ್ಲ. ನಾನು ಅಡುಗೆಮನೆ ಕಿಟಕಿ ಪಕ್ಕ ಚಾಪೆ ಹಾಕಿ ಕೂತೆ. ಒಂಬತ್ತು ದಿನ ಮನೆ ಸುಮ್ಮನಿತ್ತು. ಸುತ್ತಿಗೆಯೂ ಇಲ್ಲ, ಚೆಂಡೂ ಇಲ್ಲ.

ಆ ದಿನಗಳಲ್ಲೇ ಸಯೀದ್ ಫೋನ್ ಹಿಡಿದುಕೊಂಡು ಬಂದ. ಮುಖ ಕೆಂಪಗಿತ್ತು.

“ನೋಡಮ್ಮೀ ನಿನ್ ಮೊಮ್ಮಗಳ ಕೆಲ್ಸ. ಸ್ಟೇಟಸ್ ಹಾಕವ್ಳೆ. ಅಬ್ಬಾ ಫೋಟೋ. ಮೇಲೆ ಆರ್.ಐ.ಪಿ. ಗ್ರ್ಯಾಂಡ್‌ಪಾ, ಕೆಳಗೆ ಮೈ ಎಂ.ವಿ.ಪಿ. ಅಂತೆ, ಆಟದಲ್ಲಿ ಎಲ್ಲರಿಗಿಂತ ದೊಡ್ಡವನಿಗೆ ಹಾಗಂತಾರಂತೆ. ಹಿಂದೆ ಇಂಗ್ಲಿಷ್ ಹಾಡು ಬೇರೆ.”

ಅವಳನ್ನು ಕರೆದೆ.

“ಗ್ರ್ಯಾಂಡ್‌ಪಾ ಅಂದ್ರೆ ಯಾರೇ?”

“ದಾದಾನೇ ದಾದಿ.”

“ಬದುಕಿದ್ದಾಗ ದಾದಾ. ಸತ್ತ ಮೇಲೆ ಹೆಸರು ಬದಲಾಯಿಸ್ತೀಯಾ? ಅಳೋದನ್ನೂ ಅಲ್ಲಿಂದ ತರಿಸ್ಬೇಕಾ?”

ಅವಳು ಮೆಲ್ಲಗೆ, ಆದರೆ ಬಗ್ಗದೆ ಹೇಳಿದಳು.

“ನಂಗೆ ಹಂಗೇ ಅಳು ಬಂತು ದಾದಿ. ನಾನೇನ್ ಮಾಡ್ಲಿ? ತೆಗೆಯಲ್ಲ.”

ಬೇರೆಯವರ ಅಳು ಹೇಗೆ ಬರಬೇಕು ಅಂತ ನಾನು ಹೇಳುವುದು ಹೇಗೆ? ನನಗೆ ಆಗ ಅಳುವೇ ಬಂದಿರಲಿಲ್ಲ.

ಹತ್ತನೇ ದಿನ ಸಂಜೆ ಚೆಂಡಿನ ಸದ್ದು ಕೇಳಿತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ನಾನು ಎದ್ದು ಕಿಟಕಿ ತೆಗೆದೆ. ಅವಳು ನನ್ನನ್ನು ನೋಡಿ ನಿಲ್ಲಿಸಿದಳು. ನಿಲ್ಲಿಸಬೇಡ ಅಂತ ಕೈ ಮಾಡಿದೆ. ಅವತ್ತು ರಾತ್ರಿ ಎರಡು ಚಪಾತಿ ತಿಂದೆ.

ನಲವತ್ತನೇ ದಿನಕ್ಕೆ ಕುಣಿಗಲ್‌ನಿಂದ ನಮ್ಮವರ ತಮ್ಮ ತೌಹೀದ್ ಬಂದರು. ಮೂವತ್ತು ವರ್ಷ ಸೌದಿಯಲ್ಲಿದ್ದು ಬಂದವರು. ಮನೆಯಲ್ಲಿ ದೊಡ್ಡ ಗಂಡಸು ಈಗ ಅವರೇ. ಊಟ ಆದ ಮೇಲೆ ಅಂಗಳದಲ್ಲಿ ನಿಂತು ರಿಂಗು ನೋಡಿದರು. ಸಿದ್ರಾಳ ಬನಿಯನ್ ಹಗ್ಗದ ಮೇಲೆ ಒಣಗುತ್ತಿತ್ತು, ಅದನ್ನೂ ನೋಡಿದರು.

“ಸಯೀದ್, ಇದು ಸಾವಿನ ಮನೇನಾ, ಅಮೆರಿಕಾ ಕ್ಲಬ್ಬಾ? ಅಣ್ಣಂಗೆ ವಯಸ್ಸಾಗಿತ್ತು, ಬುದ್ಧಿ ಮಂಕಾಗಿತ್ತು. ನಿಂಗೇನಾಗಿದೆ? ಇದನ್ನ ಮೊದಲು ತೆಗೆಸು.”

ಬುದ್ಧಿ ಮಂಕು! ಕಿಟಕಿಯೊಳಗಿಂದ ಕೇಳಿಸಿಕೊಂಡೆ. ಕೈಯಲ್ಲಿದ್ದ ಲೋಟ ನೆಲಕ್ಕೆ ಕುಕ್ಕಿದೆ.

ಸಯೀದ್ ತಲೆ ತಗ್ಗಿಸಿದ. ಅವತ್ತೇ ಸಿದ್ರಾಳಿಗೆ ಹೇಳಿದ: ರಿಂಗು ಹೋಗುತ್ತದೆ, ಆಟ ಮುಗಿಯಿತು, ಮುಂದಿನ ತಿಂಗಳು ಇದ್ದ, ಜಿಲ್ಲಾ ತಂಡಕ್ಕೆ ಆರಿಸುವ ಟ್ರಯಲ್ಸಿಗೂ ಹೋಗುವ ಹಾಗಿಲ್ಲ. ಅವಳು ಕೂಗಾಡಲಿಲ್ಲ. ಊಟ ಬಿಟ್ಟಳು. ಎರಡು ದಿನ.

ಭಾನುವಾರ ರವೀಶ್ ಬಂದ. ಹನ್ನೊಂದು ವರ್ಷ ನಮ್ಮ ಕುಲುಮೆಯಲ್ಲಿ ಕೆಲಸ ಕಲಿತವನು. ಈಗ ಅವನದೇ ವೆಲ್ಡಿಂಗ್ ಅಂಗಡಿ ಇದೆ. ಕೈಯಲ್ಲಿ ಕಬ್ಬಿಣ ಕತ್ತರಿಸುವ ಮೆಷಿನ್ನು. ನಾನು ಬಾಗಿಲ ಪರದೆ ಹಿಂದೆ ನಿಂತೆ.

“ರವೀಶ, ಯಾರ್ ಕರೆದ್ರೋ ನಿನ್ನ?”

“ಸಯೀದಣ್ಣ ಫೋನ್ ಮಾಡಿದ್ರು ಕಣಮ್ಮ. ನಂಗೂ ಮನಸಿಲ್ಲ.”

“ಮನಸಿಲ್ದೆ ಮೆಷಿನ್ ಹೊತ್ಕೊಂಡ್ ಬಂದ್ಯಾ?”

“ಬೇರೆಯೋನು ಬಂದು ಹೆಂಗೆಂಗೋ ಕತ್ತರಿಸೋದ್ಕಿಂತ ನಾನೇ ವಸಿ ನಾಜೂಕಾಗಿ ಕತ್ತರಿಸ್ತೀನಿ ಅಂತ...”

ಸಯೀದ್ ಅಡ್ಡ ಬಂದ. “ಅಮ್ಮೀ, ಒಳಗಿರು. ಇದ್ದತ್‌ನಲ್ಲಿದೀಯ.”

“ಒಳಗೇ ಇದೀನಿ. ನೋಡು, ನನ್ ಕಾಲ್ ನೋಡು. ಹೊಸಿಲು ದಾಟಿದ್ಯಾ? ಬಾಯಿಗೆ ಇದ್ದತ್ ಇಲ್ಲ.”

“ಬೀದಿ ಜನ ಅಂಗಡಿಗೆ ಬಂದು ಕೇಳ್ತಾರೆ, ನಿನ್ ಮಗ್ಳು ಇಲ್ಲಿಯೋಳೋ ಅಲ್ಲಿಯೋಳೋ ಅಂತ. ಏನಂತ ಹೇಳ್ಲಿ?”

“ನೀನು ಕಾಲು ಮೇಲೆ ಮಾಡಿ ತಿರುಗ್ದಾಗ ಗುಬ್ಬಿ ಸಂತೆ ಸಂತೆನೇ ನಿಮ್ಮಪ್ಪನ್ನ ಕೇಳ್ತು. ಅವ್ರು ನಿನ್ ಕಾಲು ಕತ್ತರಿಸಿದ್ರಾ? ಗ್ಲೌಸ್ ಒಗೆದಿಟ್ರು.”

“ಅದು ಬೇರೆ.”

“ಏನ್ ಬೇರೆ?”

“ನಾನು ಗಂಡು.”

ಕೊಟ್ಟಿಗೆ ಮೂಲೆಯಲ್ಲಿ ಚೆಂಡು ತಬ್ಬಿಕೊಂಡು ಕೂತಿದ್ದ ಸಿದ್ರಾ ತಲೆ ಎತ್ತಿ “ವಾವ್” ಅಂದಳು. ಫೋನಿನಲ್ಲಿ ಅವರು ಅನ್ನುವ ಹಾಗೆಯೇ, ಎಳೆದು. ನನಗೂ ಅದನ್ನೇ ಅನ್ನಬೇಕು ಅನ್ನಿಸಿತು.

“ಸರಿ,” ಅಂದೆ. “ಕತ್ತರಿಸು ರವೀಶ. ಕತ್ತರಿಸಿ ನನ್ ಕೈಗೆ ಕೊಡು. ಆಮೇಲೆ ಒಳಗ್ ಬಂದು ನಡುಮನೆ ಗೋಡೆಗೆ ಹೊಡಿ. ನಾನು ಪರದೆ ಹಾಕ್ಕೊಂಡು ಕೂತಿರ್ತೀನಿ. ನಾನು ಹೊರಗೆ ಹೋಗ್ಬಾರ್ದು ಅಂತ ಇದೆ. ಚೆಂಡು ಒಳಗೆ ಬರ್ಬಾರ್ದು ಅಂತ ಎಲ್ಲೂ ಇಲ್ಲ. ನನ್ ಮೊಮ್ಮಗಳು ಮನೆಯೊಳಗೆ ಆಡ್ತಾಳೆ. ಟಿ.ವಿ. ಒಡೆದ್ರೆ ಒಡೀಲಿ, ಟ್ಯೂಬ್‌ಲೈಟ್ ಒಡೆದ್ರೆ ಒಡೀಲಿ.”

“ಅಮ್ಮೀ!”

“ಅಳತೆ ತಗೊಳೋ ರವೀಶ. ನಡುಮನೆ ಬಾಗಿಲಲ್ಲಿ ಹೋಗುತ್ತಾ ನೋಡು.”

ರವೀಶನಿಗೆ ಯಾರ ಮಾತು ಕೇಳಬೇಕೋ ತಿಳಿಯಲಿಲ್ಲ. ಅಳತೆ ತೆಗೆದರೆ ಯಾರಿಗೂ ನೋವಿಲ್ಲ ಅಂದುಕೊಂಡನೋ ಏನೋ, ಏಣಿ ಹತ್ತಿದ. ಕೊಟ್ಟಿಗೆಯಲ್ಲಿದ್ದ ನಮ್ಮವರ ಹುರಿಯನ್ನೇ ತೆಗೆದುಕೊಂಡಿದ್ದ. ರಿಂಗಿನ ಒಳಸುತ್ತಿಗೆ ಹುರಿ ಹಿಡಿದ. ಕೆಳಗೆ ಇಳಿದು ಟೇಪಿನ ಮೇಲೆ ಇಟ್ಟ. ಮತ್ತೆ ಹತ್ತಿ ಮತ್ತೆ ಹಿಡಿದ. ಮತ್ತೆ ಇಳಿದ.

“ಇದ್ಯಾಕೋ ಕಮ್ಮಿ ಬರ್ತದೆ,” ಅಂದ. “ಹದಿನೆಂಟಿಂಚಿನ ರಿಂಗಿಗೆ ಸುತ್ತು ಐವತ್ತಾರೂವರೆ ಇರ್ಬೇಕು. ಇದು ಐವತ್ತಮೂರೂವರೆ ಅದೆ.”

ಆಮೇಲೆ ಟೇಪಿನ ಮೇಲೆ, ಹುರಿ ಮುಗಿದ ಜಾಗದಲ್ಲಿ ತನ್ನ ಕೈ ಬೆರಳು ಜೋಡಿಸಿ ಇಟ್ಟ. ನಾಲ್ಕು ಬೆರಳು. ಸರಿಯಾಗಿ ಕೂತಿತು. ಅವನು ನಗಲು ಶುರು ಮಾಡಿದ. ನಗುತ್ತಾ ಕಣ್ಣು ಒರೆಸಿಕೊಂಡ.

“ಅಮ್ಮಾ, ಯಜಮಾನ್ರು ಗಾಡಿ ಲೆಕ್ಕ ಹಿಡ್ದವ್ರೆ ಕಣಮ್ಮ! ನಾಲ್ಕು ಬೆರಳು ಕಮ್ಮಿ ಮಾಡಿ ಬುಟ್ಟವ್ರೆ. ಇದನ್ನ ಕಾಯಿಸಿ ಯಾವ ಚಕ್ರಕ್ಕೆ ಏರಿಸ್ಬೇಕು ಅಂತಿದ್ರೋ!”

“ಅಂದ್ರೆ?” ಸಿದ್ರಾ ಎದ್ದು ನಿಂತಳು.

“ಅಂದ್ರೆ ನಿನ್ ರಿಂಗು ಒಂದಿಂಚು ಅಗಲ ಕಮ್ಮಿ ಅದೆ ಕಣವ್ವ. ಮೊದಲ್ನೇ ದಿನದಿಂದ.”

ಅವಳು ರಿಂಗು ನೋಡಿದಳು. ಹುರಿ ನೋಡಿದಳು. “ಒಂದೂವರೆ ವರ್ಷ ನನ್ ಕೈ ಸರಿ ಇಲ್ಲ ಅಂದ್ಕೊಂಡಿದ್ದೆ! ಅದಕ್ಕೇ ಗ್ರೌಂಡಲ್ಲಿ ರಿಂಗು ಬಾವಿ ಥರ ಕಾಣುತ್ತೆ. ಅದಕ್ಕೇ ಮೇಷ್ಟ್ರು ನೀನು ಎಸೆದ್ರೆ ಕಬ್ಬಿಣಕ್ಕೇ ತಾಗಲ್ಲ ಅಂತಾರೆ.” ಆಮೇಲೆ ನೆಲಕ್ಕೆ ಕೂತು, “ಓ ಮೈ ಗಾಡ್, ದಾದಾ,” ಅಂದು ನಗುತ್ತಾ 'ಓ' ಅಂತ ಅತ್ತಳು. ಎರಡೂ ಭಾಷೆ ಒಟ್ಟಿಗೆ ಬಂತು. ನಾನು ತಿದ್ದಲಿಲ್ಲ. ಪರದೆ ಹಿಂದೆ ನನಗೂ ಅಳು ಬಂತು. ಅವರು ಹೋದ ಮೇಲೆ ಮೊದಲ ಸಲ.

ಸಯೀದ್ ರವೀಶನ ಕೈಯಿಂದ ಹುರಿ ತೆಗೆದುಕೊಂಡ. ಚಿಕ್ಕಂದಿನಲ್ಲಿ ಅಪ್ಪ ಚಕ್ರ ಅಳೆಯುವಾಗ ಹುರಿಯ ಇನ್ನೊಂದು ತುದಿ ಹಿಡಿಯುತ್ತಿದ್ದವನು ಅವನೇ. ಅವನೂ ಬೆರಳಿಟ್ಟು ನೋಡಿದ. ನಾಲ್ಕು. ಹುರಿಯನ್ನು ಮೆಲ್ಲಗೆ ಸುತ್ತಿ ಜೇಬಿಗೆ ಹಾಕಿಕೊಂಡ.

“ಹೋಗು ರವೀಶ,” ಅಂದ.

ತಪ್ಪಾಯಿತು ಅನ್ನಲಿಲ್ಲ. ಊಟಕ್ಕೆ ಕೂತಾಗ ಸೈಮಾಳನ್ನು ಕೇಳಿದ.

“ಟ್ರಯಲ್ಸ್ ಯಾವತ್ತು?”

“ಹನ್ನೆರಡನೇ ತಾರೀಖು,” ಅಂದಳು ಸೈಮಾ. ಕಾದಿದ್ದವಳ ಹಾಗೆ, ತಡಮಾಡದೆ.

ಟ್ರಯಲ್ಸಿಗೆ ನಾನು ಹೋಗಲಾಗಲಿಲ್ಲ. ಸಯೀದ್ ಬೈಕಿನಲ್ಲಿ ಕರೆದುಕೊಂಡು ಹೋದ. ಇಪ್ಪತ್ತು ಎಸೆದು ಹದಿನೇಳು ಹಾಕಿದಳಂತೆ. ಆದರೆ ಓಟದಲ್ಲಿ ಹಿಂದೆ ಬಿದ್ದಳು. ಹನ್ನೆರಡು ಜನರ ತಂಡದಲ್ಲಿ ಹನ್ನೆರಡನೆಯವಳಾಗಿ ತೆಗೆದುಕೊಂಡರು. “ಆಡೋರನ್ನ ನೋಡ್ತಾ ಬೆಂಚ್ ಕಾಯಿಸೋದು ನನ್ ಕೆಲ್ಸ,” ಅಂದಳು ಬಂದು. ಬೇಜಾರು ಮುಖದಲ್ಲಿತ್ತು. ಮಾರನೇ ದಿನ ಬೆಳಿಗ್ಗೆ ಅಂಗಳದಲ್ಲಿ ಓಡಲು ಶುರು ಮಾಡಿದಳು. ಮಹಾಲಿಂಗಯ್ಯನವರಿಗೆ ರಿಂಗಿನ ವಿಷಯ ತಿಳಿಯಿತು. ಸರಿಯಾದ ಅಳತೆಯದು ಒಂದು ಕೊಡಿಸುತ್ತೇನೆ ಅಂದರು. ಬೇಡ ಅಂತ ಸಯೀದನ ಹತ್ತಿರ ಹೇಳಿ ಕಳಿಸಿದೆ. ಸರಿಯಾದ ಅಳತೆಯದು ಊರಲ್ಲೆಲ್ಲ ಇದೆ.

ಡಿಸೆಂಬರ್‌ನಲ್ಲಿ ನನ್ನ ಇದ್ದತ್ ಮುಗಿಯಿತು. ಅವತ್ತು ತೌಹೀದ್ ಸೀರೆ ತೆಗೆದುಕೊಂಡು ಬಂದರು, ನನ್ನನ್ನು ನಾಲ್ಕು ದಿನ ಕುಣಿಗಲ್‌ಗೆ ಕರೆದುಕೊಂಡು ಹೋಗಲು. ಅದು ಪದ್ಧತಿ. ಸಯೀದ್ ಕೊಟ್ಟಿಗೆ ಗೋಡೆಯ ನೆರಳಿಗೆ ಕುರ್ಚಿ ಹಾಕಿ, ಪಕ್ಕದಲ್ಲಿ ಸ್ಟೂಲಿಟ್ಟು, ಕೋಲಾ ಬಾಟಲಿ ಮುಚ್ಚಳ ತೆಗೆದು ಗ್ಲಾಸಿಗೆ ಹಾಕಿ ಕೊಟ್ಟ. ಅವರು ಒಂದು ಗುಟುಕು ಕುಡಿದು, ತಲೆ ಎತ್ತಿ ನೋಡಿದರು.

“ಇನ್ನೂ ಇದೆಯಾ ಈ ಅಮೆರಿಕಾ?”

ನಾನು ಹೊಸಿಲಲ್ಲಿ ನಿಂತಿದ್ದೆ. “ಯಾವ್ದು ಅಮೆರಿಕಾ ತೌಹೀದ್? ತಲೆ ಮೇಲಿರೋದಾ, ಗ್ಲಾಸಲ್ಲಿರೋದಾ?”

ಅವರು ಗ್ಲಾಸು ನೋಡಿದರು. ಸಯೀದ್ ಕೆಮ್ಮಿದ.

“ತಲೆ ಮೇಲಿರೋದು ನಿಮ್ಮಪ್ಪನ ಜಟಕಾ ಪಟ್ಟಾ,” ಅಂದೆ. “ನೀವು ಅದರ ಮೇಲೆ ಕೂತೇ ಸ್ಕೂಲಿಗೆ ಹೋಗಿದ್ದು. ನಾನು ಅದರ ಮೇಲೆ ಕೂತೇ ಸೊಸೆಯಾಗಿ ಬಂದಿದ್ದು. ಬಲೆ ಕುಣಿಗಲ್ ಕೆರೇದು. ಬಡಿದ ಕೈ ನಿಮ್ಮಣ್ಣಂದು. ಆಟ ಅವರ್ದು, ಹೌದು. ಚೆನ್ನಾಗಿತ್ತು, ತಗೊಂಡ್ವಿ. ನಿಮ್ಮಣ್ಣಂಗೆ ಬುದ್ಧಿ ಮಂಕಾಗಿರ್ಲಿಲ್ಲ. ಅದನ್ನ ವಾಪಸ್ ತಗೊಳಿ, ಆಮೇಲೆ ಕುಣಿಗಲ್‌ಗೆ ಬರ್ತೀನಿ.”

“ಅಬ್ಬಾ ಪಟ್ಟಾನಾ?” ಅಂದರು ತೌಹೀದ್. ಅವರಿಗೆ ಗೊತ್ತಿರಲಿಲ್ಲ. ಮತ್ತೆ ತಲೆ ಎತ್ತಿ ನೋಡಿದರು. ಆದರೆ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

ನಾನು ಕಾಯಲಿಲ್ಲ. ಸಿದ್ರಾ ಬಾಗಿಲ ಪಕ್ಕ ಚೆಂಡು ಹಿಡಿದು ನಿಂತಿದ್ದಳು.

“ಆಡೇ,” ಅಂದೆ.

“ಚಿಕ್ಕದಾದಾ ಕೂತವ್ರಲ್ಲ ದಾದಿ.”

“ಕೂತಿರ್ಲಿ. ಆಡು.”

ಮೊದಲನೇ ಚೆಂಡು ಗೋಡೆಗೆ ಬಡಿಯಿತು. ಸ್ಟೂಲಿನ ಮೇಲಿನ ಗ್ಲಾಸು ನಡುಗಿತು. ತೌಹೀದ್ ಅದನ್ನು ಕೈಯಲ್ಲಿ ಹಿಡಿದುಕೊಂಡರು. ಕುರ್ಚಿ ಬಿಟ್ಟು ಏಳಲಿಲ್ಲ. ನಾನು ಹೊಸಿಲು ದಾಟಿ, ನಾಲ್ಕು ತಿಂಗಳು ಹತ್ತು ದಿನ ಆದ ಮೇಲೆ, ಅಂಗಳಕ್ಕೆ ಇಳಿದು ಆ ರಿಂಗಿನ ಕೆಳಗೆ ಹೋಗಿ ನಿಂತೆ. ಎರಡನೇ ಚೆಂಡು ಕಬ್ಬಿಣಕ್ಕೆ ತಾಗದೆ ಬಲೆಯೊಳಗಿಂದ ಜಾರಿ ನನ್ನ ಕಾಲ ಬಳಿ ಬಿತ್ತು. ಬಗ್ಗಿ ಎತ್ತಿಕೊಂಡು ಅವಳ ಕಡೆಗೆ ಎಸೆದೆ.

“ಇನ್ನೊಂದು,” ಅಂದೆ.